‘ಜೂನೋ’ ಟೈಟಲ್ ಥರದ ಕತ್ತರಿ ಆನಿಮೇಷನ್: ನಡಿಗೆ ಮುಗೀತು, ಅಂಗಡಿ ಬಾಕಿ

ಕಾಗದದ ಚಿತ್ರ ಕತ್ತರಿಸಿ ನಾನು ಮಾಡುತ್ತಿರುವ ಪುಟ್ಟ ಆನಿಮೇಷನ್‌ನಲ್ಲಿ ಹುಡುಗಿಯ ನಡಿಗೆಯ ಭಾಗ ಈ ವಾರ ಮುಗಿಯಿತು. ಹನ್ನೆರಡು ಚಿತ್ರಕ್ಕೆ ಒಂದು ಸೆಕೆಂಡ್ ಲೆಕ್ಕ. ಹತ್ತು ಸೆಕೆಂಡಿಗೆ 120 ಪುಟ್ಟ ಹುಡುಗಿಯರು. ಎಲ್ಲರೂ ಈಗ ಶೂ ಡಬ್ಬಿಯಲ್ಲಿ ಮಲಗಿದ್ದಾರೆ.

2007ರ ‘ಜೂನೋ’ ಸಿನಿಮಾದ ಶುರುವಿನ ಟೈಟಲ್ ನೆನಪಿದೆ ಅಲ್ವಾ? ಹದಿನಾರರ ಹುಡುಗಿ ಜೂನೋ ದೊಡ್ಡ ಜ್ಯೂಸ್ ಕ್ಯಾನ್ ಎತ್ತಿ ಗಟಗಟ ಕುಡಿಯುತ್ತಾ ಊರೆಲ್ಲ ದಾಟಿ ಹೋಗುತ್ತಾಳೆ. ಹೋಗುವುದು ಬಸುರಿ ಹೌದೋ ಅಲ್ಲವೋ ನೋಡುವ ಕಿಟ್ ತರೋಕೆ. ಆ ಜ್ಯೂಸೂ ಅದಕ್ಕೇ, ಟೆಸ್ಟಿಗೆ ಮೂತ್ರ ಬರಲಿ ಅಂತ! ಹೊಟ್ಟೆಯೊಳಗೆ ಅಷ್ಟು ದೊಡ್ಡ ಸಂಗತಿ, ನಡಿಗೆ ಮಾತ್ರ ಸ್ಕೂಲ್ ಬಿಟ್ಟ ಹುಡುಗಿಯದು. ಇಡೀ ಸಿನಿಮಾದ ತಮಾಷೆ, ಸಂಕಟ ಎರಡೂ ನನಗೆ ಅಲ್ಲೇ ಸಿಕ್ಕಿತು.

ಆ ಟೈಟಲ್ ಮಾಡಿದ್ದು ಶ್ಯಾಡೋಪ್ಲೇ ಸ್ಟುಡಿಯೋದ ಗ್ಯಾರೆತ್ ಸ್ಮಿತ್ ಮತ್ತು ಜೆನ್ನಿ ಲೀ. ಜೂನೋ ಆಗಿದ್ದ ಎಲಿಯಟ್ ಪೇಜ್ ಅವರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಫೋಟೋ ತೆಗೆದರು. ಸುಮಾರು 900 ಫೋಟೋ. ಜೆರಾಕ್ಸಿನ ಜೆರಾಕ್ಸ್ ತೆಗೆಯುತ್ತಾ ಹೋಗಿ, ಕೈಯಲ್ಲಿ ಬರೆದ ಹಾಗೆ ಕಾಣುವಾಗ ಕತ್ತರಿಸಿ ಸ್ಕ್ಯಾನ್ ಮಾಡಿದರು.

ನನ್ನ ಚಿತ್ರದ ಹುಡುಗಿ ಮೆಡಿಕಲ್ ಶಾಪಿಗೆ ಹೋಗುವುದು ಪ್ಯಾಡ್ ತರೋಕೆ. ಮೊದಲ ಸಲ, ಒಬ್ಬಳೇ. ನಡೆದವಳು ಅಕ್ಕನ ಮಗಳು, ಅಪಾರ್ಟ್‌ಮೆಂಟ್ ಜಿಮ್ಮಿನ ಟ್ರೆಡ್‌ಮಿಲ್ ಮೇಲೆ. “ಚಿಕ್ಕಮ್ಮ, ನಾಚಿಕೊಂಡು ನಡೀಬೇಕಾ?” ಅಂದಳು. “ಸುಮ್ನೆ ನಡಿ ಪುಟ್ಟಿ” ಅಂದೆ.

ಮಜಾ ಇರುವುದು ಜೆರಾಕ್ಸ್ ಅಂಗಡಿಯಲ್ಲಿ. ಪ್ರತಿ ಕಾಪಿಗೂ ನಡುವಿನ ಬೂದು ಬಣ್ಣ ಹೋಗುತ್ತದೆ, ಕಪ್ಪು ಬಿಳಿ ಉಳಿಯುತ್ತದೆ. ಮೊದಲು ಅಂಗಿಯ ಮಡಿಕೆ ಮಾಯ, ಆಮೇಲೆ ಕೆನ್ನೆ. ಗಾಜಿನ ಮೇಲಿನ ಧೂಳು ಚುಕ್ಕಿಚುಕ್ಕಿಯಾಗಿ ಬಂದು ಕೂರುತ್ತದೆ. ಇನ್ನೂ ಮುಂದೆ ಹೋದರೆ ಮೂಗೇ ಇರಲ್ಲ! ಜಡೆ ಉಳಿದು ಮೂಗು ಅರ್ಧ ಹೋದಾಗ ನಿಲ್ಲಿಸಿದೆ. ಅಂಗಡಿಯವರು “ಒರಿಜಿನಲ್ ಇಟ್ಕೊಂಡು ಕಾಪಿದೇ ಕಾಪಿ ಯಾಕೆ ಮೇಡಂ?” ಅಂತ ಕೇಳುತ್ತಲೇ ಇದ್ದರು.

ಕತ್ತರಿಸುವಾಗ ಅಂಚಿನಲ್ಲಿ ಒಂಚೂರು ಬಿಳಿ ಬಿಡುತ್ತಿದ್ದೇನೆ. ಒಂದೊಂದು ಚಿತ್ರದಲ್ಲಿ ಅದು ಹೆಚ್ಚುಕಡಿಮೆ ಆಗುವುದರಿಂದ ಓಡಿಸಿದಾಗ ಅಂಚು ನಡುಗುತ್ತದೆ. ಆ ನಡುಕ ನನಗೆ ಬೇಕು.

ಹಿನ್ನೆಲೆ ಪೂರ್ತಿ ಹಳೇ ನ್ಯೂಸ್‌ಪೇಪರ್. ಪ್ಯಾಡ್ ಪ್ಯಾಕೆಟ್ ಸುತ್ತಿಕೊಡುವುದೂ ಅದರಲ್ಲೇ ತಾನೆ? ಮನೆಗೆಲ್ಲ ರಸ್ತೆಗೆಲ್ಲ ಅಕ್ಷರ ತುಂಬಿದೆ. ಜಾಹೀರಾತಿನ ಪುಟ ಮರಗಳಿಗೆ ಚೆನ್ನಾಗಿ ಒಗ್ಗುತ್ತದೆ.

ಮುಂದಿನ ಕೆಲಸ ಅಂಗಡಿಯ ಕೌಂಟರ್, ಆಮೇಲೆ ಸುತ್ತುವ ಕೈ. ಕೈಗೆ ಐದು ಬೆರಳೂ ಬೇರೆ ಬೇರೆ ಕತ್ತರಿಸಬೇಕು. ಅದಕ್ಕೆ ಸಣ್ಣ ಮೊನೆಯ ಕತ್ತರಿ ತಂದಿಟ್ಟಿದ್ದೇನೆ.