ತೂತಿನ ಬದಿಯ ಹಲ್ಲು

ಮಾವನ ಅಂಗುಳದ ಎಡ ಅರ್ಧ ಈಗ ಇಲ್ಲ. ಕ್ಯಾನ್ಸರ್ ಅಂತ ತೆಗೆದರು. ಎಲೆಯಡಿಕೆ, ಹೊಗೆಸೊಪ್ಪಿನ ಮಾತನ್ನು ಬದಿಯಡ್ಕದ ಅಡಿಕೆ ತೋಟದ ಮನೆಯಲ್ಲಿ ಎತ್ತುವುದೇ ಕಷ್ಟ, ಇಲ್ಲಿಗೇ ಬಿಡುತ್ತೇನೆ.

ಅಂಗುಳದಲ್ಲಿ ತೂತು ಬಿದ್ದರೆ ಬಾಯಿ, ಮೂಗು ಒಂದೇ ಆಗಿಬಿಡುತ್ತದೆ. ಕುಚ್ಚಲಕ್ಕಿ ಗಂಜಿಯ ತಿಳಿ ಮೂಗಿನಿಂದ ಇಳಿಯುತ್ತಿತ್ತು. ಮಾವ ‘ಬದಿಯಡ್ಕ’ ಅಂದರೆ ನಮಗೆ ‘ಮನಿಯಣ್ಕ’ ಅಂತ ಕೇಳುತ್ತಿತ್ತು. ಗಾಳಿಯೆಲ್ಲ ಮೂಗಿಗೆ ಹೋದರೆ ಬ ಹೋಗಿ ಮ ಆಗುತ್ತದೆ, ದ ಹೋಗಿ ನ. ತೂತು ಮುಚ್ಚಲು ಒಂದು ಅಕ್ರಿಲಿಕ್ ಪ್ಲೇಟ್ ಕೊಟ್ಟಿದ್ದರು. ಆದರೆ ಮೇಲಿನ ಹಲ್ಲುಗಳು ಮೊದಲೇ ಹೋಗಿದ್ದವು. ಕೊಕ್ಕೆ ಹಾಕಲು ಹಲ್ಲಿಲ್ಲ, ಅಂಟಿ ನಿಲ್ಲಲು ಪೂರ್ತಿ ಅಂಗುಳವಿಲ್ಲ. ಸೀನಿದರೆ ಪ್ಲೇಟ್ ಕೈಗೆ ಬರುತ್ತಿತ್ತು.

ಅದಕ್ಕೇ ಇಂಪ್ಲಾಂಟ್. ಬಲಗಡೆ ಉಳಿದ ಎಲುಬಿಗೆ ಟೈಟಾನಿಯಂ ಸ್ಕ್ರೂ ಕೂರಿಸಿ, ಅದು ಎಲುಬಿನೊಂದಿಗೆ ಬೆಸೆಯಲು ತಿಂಗಳುಗಟ್ಟಲೆ ಕಾದಿದ್ದೆವು. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ ಇಂಥ ಸ್ಕ್ರೂಗಳನ್ನು ಮೊದಲು ಮನುಷ್ಯರ ಬಾಯಿಗೆ ಹಾಕಿದ್ದು 1965ರಲ್ಲಂತೆ. ಅವುಗಳ ಮೇಲೆ ಒಂದು ಲೋಹದ ಬಾರ್, ಪ್ಲೇಟಿನ ಒಳಗೆ ಬಾರನ್ನು ಹಿಡಿಯುವ ಕ್ಲಿಪ್. ಅದನ್ನು ಹಾಕಿ ನೋಡಲೆಂದು ತಲಪಾಡಿ ದಾಟಿ ಮಂಗಳೂರಿಗೆ ಹೋಗಿದ್ದೆವು.

ಪ್ಲೇಟ್ ಟಕ್ ಅಂತ ಕೂತಿತು. ಮಾವ ಮೊದಲು ಹೇಳಿದ್ದೇ ‘ಬದಿಯಡ್ಕ’. ಬ ಸರಿಯಾಗಿ ಬಂತು, ದ ಕೂಡ. ಆಮೇಲೆ ಕೇಳಿದರು, “ಡಾಕ್ಟ್ರೇ, ಚಕ್ಕುಲಿ ತಿನ್ಬಹುದಾ?”

ಡಾಕ್ಟರಮ್ಮ ನಕ್ಕು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಮಾವನದ್ದಲ್ಲ, ಯಾವುದೋ ಮಾದರಿ ದವಡೆ. ಅದನ್ನು ಸಾವಿರಾರು ಸಣ್ಣ ತುಂಡುಗಳಾಗಿ ವಿಂಗಡಿಸಿ, ಅಗಿಯುವ ಒತ್ತಡ ಯಾವ ತುಂಡಿಗೆ ಎಷ್ಟು ಅಂತ ಲೆಕ್ಕ ಹಾಕುತ್ತಾರಂತೆ. ಒತ್ತಡ ಕಡಿಮೆ ಇದ್ದಲ್ಲಿ ನೀಲಿ, ಜಾಸ್ತಿ ಇದ್ದಲ್ಲಿ ಕೆಂಪು. ತೂತಿಗೆ ಹತ್ತಿರದ ಸ್ಕ್ರೂವಿನ ಕುತ್ತಿಗೆಯ ಸುತ್ತ, ಎಲುಬು ಶುರುವಾಗುವಲ್ಲೇ, ಕೆಂಪು ಉಂಗುರ.

“ಎಡಗಡೆ ಊರಲು ಏನೂ ಇಲ್ಲ. ಪ್ಲೇಟ್ ಗಾಳಿಯಲ್ಲಿ ಚಾಚಿಕೊಂಡಿದೆ” ಅಂದರು.

ಮಾವ ಚಿತ್ರವನ್ನೇ ನೋಡುತ್ತಿದ್ದರು. “ಅಡಿಕೆ ಕೊಯ್ಯುವ ದೋಟಿ ಅಡ್ಡ ಹಿಡಿದ ಹಾಗೆ. ತುದಿಯಲ್ಲಿ ಗೊನೆ ಇದ್ರೆ ಮುಂದಿನ ಕೈಗೇ ಎಲ್ಲ ಭಾರ. ಹಿಂದಿನ ಕೈ ದೋಟಿ ಏಳದ ಹಾಗೆ ಒತ್ತಬೇಕಷ್ಟೆ.”

ಅದೇ ವಿಷಯ. ತೂಕ ಕೆಳಕ್ಕೆ ಜಗ್ಗಿದರೂ, ಅಗಿದಾಗ ಪ್ಲೇಟ್ ಮೇಲಕ್ಕೆ ಹೋದರೂ ಪೆಟ್ಟು ಆ ಮುಂದಿನ ಸ್ಕ್ರೂವಿಗೆ. ಬಾರ್ ಇರುವುದರಿಂದ ಹೊರೆ ಹಂಚಿಹೋಗುತ್ತದೆ, ಆದರೆ ಸಮನಾಗಿ ಅಲ್ಲ. ಸ್ವಂತ ಹಲ್ಲಾದರೆ ಬೇರಿನ ಸುತ್ತ ತೆಳುವಾದ ಪೊರೆ ಇರುತ್ತದೆ, ಒತ್ತಿದರೆ ಸ್ವಲ್ಪ ಬಿಟ್ಟುಕೊಡುತ್ತದೆ. ಇಂಪ್ಲಾಂಟಿಗೆ ಆ ಸೌಕರ್ಯ ಇಲ್ಲ. ನೇರ ಒತ್ತಡ ತಡೆದುಕೊಳ್ಳುತ್ತದೆ, ಓರೆ ಒತ್ತಡ ಅದಕ್ಕಾಗದು. ಕೆಲವರಿಗೆ ತೂತಿನ ಬದಿಯ ಕೆನ್ನೆಯ ಎಲುಬಿಗೇ ಉದ್ದದ ಇಂಪ್ಲಾಂಟ್ ಹಾಕಿ ಆ ಕಡೆಗೂ ಆಧಾರ ಕೊಡುತ್ತಾರೆ. ಮಾವನಿಗೆ ಅಲ್ಲಿ ರೇಡಿಯೇಷನ್ ಆಗಿತ್ತು, ಡಾಕ್ಟರಿಗೆ ಧೈರ್ಯ ಬರಲಿಲ್ಲ. ಬದಲಿಗೆ ಪ್ಲೇಟಿನಲ್ಲಿ ತೂತಿನೊಳಗೆ ಹೋಗುವ ಉಬ್ಬನ್ನು ಟೊಳ್ಳು ಮಾಡಿಸಿ ತೂಕ ಇಳಿಸಿದ್ದರು. ಕ್ಲಿಪ್ ಸವೆಯುತ್ತದೆ, ಆಗಾಗ ಬಂದು ಬದಲಾಯಿಸಿಕೊಳ್ಳಿ ಅಂದರು.

ಇನ್ನೊಂದು ಉಪಾಯವನ್ನು ಕೊನೆಗೆ ಹೇಳಿದರು. ಪ್ಲೇಟಿನ ಎಡಗಡೆಯ ಹಲ್ಲುಗಳನ್ನು ಕೂದಲೆಳೆಯಷ್ಟು ಗಿಡ್ಡ ಮಾಡಿದ್ದಾರೆ. ಬಾಯಿ ಮುಚ್ಚಿದರೂ ಕೆಳಗಿನ ಹಲ್ಲಿಗೆ ತಾಗುವುದಿಲ್ಲ. “ಅಗಿಯೋದೆಲ್ಲ ಬಲಗಡೆ. ಆ ಹಲ್ಲುಗಳು ನೋಡೋದಕ್ಕೆ ಮಾತ್ರ.”

ಮಾವ ಕನ್ನಡಿಯಲ್ಲಿ ಎಡಗಡೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಕೆಲಸ ಮಾಡದ ಹಲ್ಲಿಗೂ ಪೂರ್ತಿ ಬಿಲ್ಲಾ ಡಾಕ್ಟ್ರೇ?”