ದೊಡ್ಡಮ್ಮನ ಡ್ಯೂಕರು

21 ಜುಲೈ 2024, ಭಾನುವಾರ
ನಾಪೋಕ್ಲು

ಮಳೆ ಹಿಡಿದ ಮೇಲೆ ದೊಡ್ಡಮ್ಮ ತಮ್ಮ ಇಂಗ್ಲಿಷ್ ಪ್ರಣಯ ಕಾದಂಬರಿಗಳನ್ನು ಕಪಾಟಿನಿಂದ ಇಳಿಸಿಕೊಂಡಿದ್ದಾರೆ. ಎಲ್ಲವೂ ಜಾರ್ಜೆಟ್ ಹೇಯರ್ ಬರೆದವು, ಇಲ್ಲವೇ ಆಕೆಯ ಜಾಡಿನಲ್ಲಿ ನಡೆದವರು ಬರೆದವು; ಒಬ್ಬ ಜಂಬದ ಡ್ಯೂಕ್ (ದೊಡ್ಡ ಬಿರುದಿನ ಇಂಗ್ಲಿಷ್ ಶ್ರೀಮಂತ), ಒಬ್ಬಳು ಬಾಯಿಜೋರಿನ ಹುಡುಗಿ, ನಡುವೆ ಒಂದು ತಪ್ಪು ತಿಳಿವಳಿಕೆ, ಕೊನೆಗೆ ಮದುವೆ. ಕರೆಂಟಿಲ್ಲದ ಮಧ್ಯಾಹ್ನ ಜಗಲಿಯಲ್ಲಿ ಅವರೊಬ್ಬರೇ ಗಟ್ಟಿಯಾಗಿ ನಕ್ಕದ್ದನ್ನು ಕೇಳಿ, ಕೈಯಲ್ಲಿದ್ದ ಗಂಭೀರ ಕಾದಂಬರಿ ಮುಂದೆ ಸಾಗದೆ ಕುಳಿತಿದ್ದ ನನಗೆ ಅಸೂಯೆಯೇ ಆಯಿತು.

"ಕೊನೆ ಗೊತ್ತಿರುವುದನ್ನು ಮತ್ತೆ ಮತ್ತೆ ಹೇಗೆ ಓದುತ್ತೀರಿ ದೊಡ್ಡಮ್ಮ?"

"ಗೊತ್ತಿರುವುದರಿಂದಲೇ ಮಗಾ. ಏನಾಗುತ್ತದೋ ಎಂಬ ಹೆದರಿಕೆ ಇದ್ದರೆ ಪುಟ ಓಡಿಸುತ್ತೇವೆ. ಹೆದರಿಕೆ ಇಲ್ಲದಿದ್ದರೆ ಅವರಿಬ್ಬರ ಮಾತು ಕಿವಿಗೆ ಬೀಳುತ್ತದೆ."

ಮಾತೇ ಅಲ್ಲಿ ಎಲ್ಲವೂ ಎಂಬುದು ನಿಜ. ಈ ಕಥೆಗಳು ನಡೆಯುವ ಹತ್ತೊಂಬತ್ತನೆಯ ಶತಮಾನದ ಆರಂಭದ ಲಂಡನ್ನಿನಲ್ಲಿ ಆಲ್ಮ್ಯಾಕ್ಸ್ ಎಂಬ ನೃತ್ಯಶಾಲೆಯಲ್ಲಿ ಬುಧವಾರದ ಸಂಜೆ ಕುಣಿಯಬೇಕಾದರೆ, ಅದನ್ನು ಆಳುತ್ತಿದ್ದ ಕೆಲವೇ ಮಂದಿ ಶ್ರೀಮಂತ ಮಹಿಳೆಯರು ಒಪ್ಪಿ ಚೀಟಿ ಕೊಟ್ಟಿರಬೇಕಿತ್ತು. 1753ರ ವಿವಾಹ ಕಾಯ್ದೆಯಿಂದಾಗಿ ಇಂಗ್ಲೆಂಡಿನಲ್ಲಿ 21 ತುಂಬದವರ ಮದುವೆಗೆ ಹಿರಿಯರ ಒಪ್ಪಿಗೆ ಅಗತ್ಯವಾಗಿತ್ತು. ಆದ್ದರಿಂದಲೇ ಈ ಕಾದಂಬರಿಗಳ ಅವಸರದ ಪ್ರೇಮಿಗಳು ಗಾಡಿ ಹೂಡಿಸಿಕೊಂಡು, ಆ ಕಾಯ್ದೆ ನಡೆಯದ ಸ್ಕಾಟ್ಲೆಂಡಿನ ಗಡಿಯ ಊರು ಗ್ರೆಟ್ನಾ ಗ್ರೀನ್‌ಗೆ ಓಡುತ್ತಾರೆ. ಓಡದೆ ಉಳಿದವರಿಗೆ ಹತ್ತು ಜನರ ಎದುರಿನಲ್ಲಿ, ಹತ್ತು ಜನರಿಗೂ ತಿಳಿಯದಂತೆ ಆಡುವ ಮಾತೊಂದೇ ಗತಿ. ಇಷ್ಟೊಂದು ಕಟ್ಟುಪಾಡುಗಳಿಲ್ಲದ ನಮ್ಮ ಕಾಲವನ್ನು ಕುರಿತು ಹೀಗೆ ನಗಿಸುತ್ತ ಪ್ರೇಮಕಥೆ ಬರೆಯುವುದು ಹೆಚ್ಚು ಕಷ್ಟವೆಂದು ನನ್ನ ಎಣಿಕೆ.

ಆದರೂ ಚುಚ್ಚದೆ ಇರಲಾಗಲಿಲ್ಲ. ಈ ಡ್ಯೂಕರ ಗಾಡಿ, ಕುದುರೆ, ರೇಷ್ಮೆಗಳ ಹಿಂದೆ ಎಷ್ಟೋ ಕಡೆ ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳ ಹಣವಿತ್ತು, ಗುಲಾಮರ ಮಾರಾಟವನ್ನು 1807ರಲ್ಲಿ ನಿಷೇಧಿಸಿದರೂ ಗುಲಾಮಗಿರಿಯ ವಿರುದ್ಧ ಕಾಯ್ದೆ ಬಂದದ್ದು 1833ರಲ್ಲಿ, ಅದರ ಸುಳಿವೇ ನಿಮ್ಮ ಪುಸ್ತಕದಲ್ಲಿಲ್ಲ ಎಂದೆ. ದೊಡ್ಡಮ್ಮ ಕನ್ನಡಕ ತೆಗೆದರು.

"ಶನಿವಾರ ಶನಿವಾರ ತೋಟದ ಕೂಲಿ ಲೆಕ್ಕ ಬರೆಯುವವಳು ನಾನು. ದುಡ್ಡು ಎಲ್ಲಿಂದ ಬರುತ್ತದೆಂದು ನನಗೆ ಹೇಳಿಕೊಡಬೇಡ. ಭಾನುವಾರ ಒಂದು ದಿನ ಅದನ್ನು ಯಾರೂ ಕೇಳದ ಮನೆಗೆ ಹೋಗಿ ಬರುತ್ತೇನೆ, ಅಷ್ಟೆ."

ನಾನು ಸುಮ್ಮನಾದೆ. ಕಾಫಿ ಬಂತು.

ಆಮೇಲೆ ಹೊಳೆದದ್ದು ಬೇರೊಂದು. ರಾಜನ ಕಾಯಿಲೆಯಿಂದಾಗಿ ಅವನ ಮಗನೇ ಇಂಗ್ಲೆಂಡನ್ನು ಆಳಿದ, ಈ ಕಾದಂಬರಿಗಳಿಗೆ ಬಲು ಪ್ರಿಯವಾದ ಆ ಅವಧಿ 1811ರಿಂದ 1820. ಮಡಿಕೇರಿಯಲ್ಲಿ ಲಿಂಗರಾಜ ಆಳಿದ್ದೂ ಅವೇ ವರ್ಷಗಳು! ಅವನು ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನ ನಮ್ಮ ಕಣ್ಣೆದುರಿಗಿದೆ, ಅವನ ಮಗನ ಕಥೆಯನ್ನು ಮಾಸ್ತಿಯವರು ಬರೆದಿದ್ದಾರೆ. ಅದರ ಕೊನೆಯೂ ಓದುವ ಮೊದಲೇ ಗೊತ್ತಿರುವಂಥದು: 1834, ಬ್ರಿಟಿಷರು, ರಾಜನ ಗಡಿಪಾರು. ಆದರೆ ಅಲ್ಲಿ ಕೊನೆ ಗೊತ್ತಿದ್ದಷ್ಟೂ ಪುಟಗಳು ಭಾರವಾಗುತ್ತವೆ. ಹಾಗಾದರೆ ನಿಮ್ಮ ಸಿದ್ಧಾಂತ ನಮ್ಮ ಊರಿಗೆ ಅನ್ವಯಿಸುವುದಿಲ್ಲವಲ್ಲ ಎಂದೆ.

"ಲಿಂಗರಾಜನ ಅಣ್ಣ ದೊಡ್ಡವೀರರಾಜನ ಮದುವೆ 1796ರಲ್ಲಿ ನಾಲ್ಕುನಾಡು ಅರಮನೆಯಲ್ಲಿ ಆಯಿತು. ಮಂಟಪ ಇಂದಿಗೂ ಇದೆ, ನೀನೇ ನೋಡಿದ್ದೀ. ಅಷ್ಟು ದೊಡ್ಡ ಮದುವೆಯಲ್ಲಿ ಯಾವ ಹುಡುಗಿಯೂ ಯಾವ ಹುಡುಗನನ್ನೂ ಕೀಟಲೆ ಮಾಡಿರಲಿಲ್ಲವೇ? ರಾಜರು ಸತ್ತದ್ದನ್ನು ಎಷ್ಟೋ ಮಂದಿ ಬರೆದರು. ಆ ಕೀಟಲೆಯನ್ನು ಯಾರಾದರೂ ಬರೆಯಲಿ, ಇದನ್ನು ಕೆಳಗಿಟ್ಟು ಅದನ್ನೇ ಓದುತ್ತೇನೆ."

ರಾತ್ರಿಯಿಂದ ಅದೇ ತಲೆಯಲ್ಲಿ. ಕಥೆಯನ್ನು ಮದುವೆಯ ಮರುದಿನಕ್ಕೆ ನಿಲ್ಲಿಸಿಬಿಡಬೇಕು. 1834ಕ್ಕೆ ಅದರೊಳಗೆ ಪ್ರವೇಶವಿಲ್ಲ. ಮದುವೆಗೆ ಮುಂಚಿನ ಮಳೆಗಾಲ, ತಡಿಯಂಡಮೋಳ್ ಬೆಟ್ಟದ ಬುಡದ ಕಾಡುದಾರಿ. ರಾಜನ ಓಲೆ ಹೊತ್ತ ಯುವಕನೊಬ್ಬ ಗತ್ತಿನಿಂದ ಅಂಗಳಕ್ಕೆ ಬರುತ್ತಾನೆ, ಕಾಲಿನಲ್ಲಿ ನಾಲ್ಕು ಜಿಗಣೆ. ನಾಯಕಿ ಅದನ್ನು ಕಂಡು ಬಿಡುವವಳಲ್ಲ, ಆದರೆ ಹಿರಿಯರೆಲ್ಲ ಎದುರಿಗೇ ಇದ್ದಾರೆ, ನೇರವಾಗಿ ಅನ್ನುವಂತಿಲ್ಲ, ಆದ್ದರಿಂದ ಅವಳು ಅಜ್ಜನ ಕಡೆಗೆ ತಿರುಗಿ