ಕಂಪನಿ ನಾಟಕದ ಹಾಡಿಗೆ ಕತ್ತರಿ ಹಾಕುವ ಮುನ್ನ

ಹಳೆಯ ಕಂಪನಿ ನಾಟಕವೊಂದನ್ನು ಹೊಸದಾಗಿ ಕಟ್ಟಿ ಆಡಿದ ರಾತ್ರಿ, ಆಟ ಬಿಟ್ಟ ಮೇಲೆ ರಂಗಮಂದಿರದ ಮೆಟ್ಟಿಲ ಬಳಿ ಐದು ನಿಮಿಷ ನಿಂತರೆ ಸಾಕು. “ಹಾಡೆಲ್ಲ ಅರ್ಧಂಬರ್ಧ ಮಾಡ್ಬಿಟ್ರು.” “ಹಾಡು ಕಮ್ಮಿ ಮಾಡಿದ್ರೂ ಯಾಕೋ ಎಳೆದ ಹಾಗಿತ್ತು.” “ಹುಡುಗಿ ಚೆನ್ನಾಗಿ ಹಾಡ್ತಾಳೆ, ಆದ್ರೆ ಮೇಲಕ್ಕೆ ಹೋಗ್ಲೇ ಇಲ್ಲ.” “ಕಳ್ಳ ಪರವಾಗಿಲ್ಲ, ಆದ್ರೆ ಆ ಹಳೇ ಕಳ್ಳ ಅಲ್ಲ ಬಿಡಿ.”

ವಯಸ್ಸಾದವರ ಗೊಣಗಾಟ ಎಂದು ಇದನ್ನು ತಳ್ಳಿಹಾಕುವ ನಿರ್ದೇಶಕರಿದ್ದಾರೆ. ಅದು ತಪ್ಪು. ರಂಗಗೀತೆ ಕೇಳಿ ಬೆಳೆದ ಪ್ರೇಕ್ಷಕನಿಗೆ ಕಾರಣ ಬಿಡಿಸಿ ಹೇಳಲು ಬರದಿರಬಹುದು, ಎಲ್ಲಿ ಕೆಟ್ಟಿತು ಎಂಬುದು ಮಾತ್ರ ಅವನಿಗೆ ಕಿವಿಯಲ್ಲೇ ಗೊತ್ತಾಗುತ್ತದೆ. ಮೇಲಿನ ಒಂದೊಂದು ಮಾತಿಗೂ ಪರದೆಯ ಹಿಂದೆ ಒಂದೊಂದು ಲೆಕ್ಕವಿದೆ.

‘ಸದಾರಮೆ’ಯನ್ನೇ ತೆಗೆದುಕೊಳ್ಳಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಹೆಸರಿನ ಜೊತೆಗೇ ನಮ್ಮ ನಾಲಿಗೆಗೆ ಬರುವ ನಾಟಕ ಅದು. ಕಳ್ಳನ ಪಾತ್ರದಲ್ಲಿ ಗುಬ್ಬಿ ವೀರಣ್ಣನವರು ಮನೆಮಾತಾದರು, 1935ರಲ್ಲಿ ಅದು ಚಲನಚಿತ್ರವೂ ಆಯಿತು. ಶೆಟ್ಟರ ಮಗಳು ಸದಾರಮೆ, ಅವಳನ್ನು ಮೆಚ್ಚಿದ ರಾಜಕುಮಾರ, ಕಾಡಿನಲ್ಲಿ ಎದುರಾಗುವ ಕಳ್ಳ, ಹೆಣ್ಣು ಗಂಡುವೇಷ ತೊಟ್ಟು ಪಾರಾಗುವ ಜಾಣ್ಮೆ: ಕಥೆ ಇಷ್ಟೇ. ಹಾಡು ತೆಗೆದರೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಹೊಸದಾಗಿ ಕಟ್ಟುವವರು ಎಡವುವುದು ಇಲ್ಲೇ. ಕಥೆ ಎಲುಬು, ಹಾಡು ಒಡವೆ ಎಂದುಕೊಂಡು ಒಡವೆ ಬಿಚ್ಚಲು ಹೊರಡುತ್ತಾರೆ. ಆದರೆ ಕಂಪನಿ ನಾಟಕದಲ್ಲಿ ಹಾಡಿಗೆ ದುಡಿಮೆ ಇತ್ತು. ಪರದೆ ಬದಲಿಸಲು, ವೇಷ ಬದಲಿಸಲು, ಕೊನೆಯ ಸಾಲಿನವನಿಗೆ ಮಾತು ಮುಟ್ಟಿಸಲು ಹಾಡು ಬೇಕಾಗಿತ್ತು.

ಪರದೆಯ ಕೆಲಸ ಹೀಗೆ. ರಂಗದ ಮುಂಭಾಗದಲ್ಲಿ ರಸ್ತೆ ಪರದೆ ಇಳಿಯುತ್ತದೆ. ಅದರ ಮುಂದೆ ನಟರಿಗೆ ಸಿಗುವುದು ನಾಲ್ಕೈದು ಅಡಿ ಜಾಗ. ಅಷ್ಟರಲ್ಲೇ ಹಾಸ್ಯದವರ ಜಗಳ, ದಾಸಿಯ ಹಾಡು, ದಾರಿಹೋಕರ ಮಾತು ನಡೆಯುತ್ತದೆ. ಆ ಹೊತ್ತಿಗೆ ಹಿಂದೆ ಸಿಂಹಾಸನ ಬರುತ್ತದೆ, ಅರಮನೆ ಪರದೆ ಸರಿಯಾಗುತ್ತದೆ, ರಾಣಿ ಸೀರೆ ಬದಲಿಸುತ್ತಾಳೆ. ರಸ್ತೆ ಪರದೆ ಸುರುಳಿ ಸುತ್ತಿಕೊಂಡು ಮೇಲೇರಿದರೆ ದರ್ಬಾರು ಸಿದ್ಧ. ಮುಂದೊಂದು ಗಿಡ್ಡ ದೃಶ್ಯ, ಹಿಂದೊಂದು ಆಳದ ದೃಶ್ಯ ಎಂದು ಹೆಣೆದ ನಾಟಕ ಇದು. “ಈ ದಾಸಿಯ ಹಾಡಿಗೂ ಕಥೆಗೂ ಸಂಬಂಧವಿಲ್ಲ” ಎಂದು ಅದನ್ನು ತೆಗೆದವರು ಆ ಜಾಗಕ್ಕೆ ಕತ್ತಲೆ ತರುತ್ತಾರೆ. ಒಂದು ಕತ್ತಲೆಗೆ 40 ಸೆಕೆಂಡ್ ಎಂದರೂ ಇಪ್ಪತ್ತು ದೃಶ್ಯಕ್ಕೆ 800 ಸೆಕೆಂಡ್, ಅಂದರೆ ಹದಿಮೂರು ನಿಮಿಷಕ್ಕೂ ಹೆಚ್ಚು. ಅಷ್ಟು ಹೊತ್ತು ಪ್ರೇಕ್ಷಕ ಕತ್ತಲಲ್ಲಿ ಸ್ಟೂಲು ಎಳೆಯುವ ಸದ್ದು ಕೇಳುತ್ತಾ ಕೂತಿರುತ್ತಾನೆ. ಹಾಡು ತೆಗೆದು ಉಳಿಸಿದ ಹೊತ್ತಿನಲ್ಲಿ ಅಷ್ಟೂ ನಿಮಿಷ ಹೀಗೆ ಖಾಲಿ ಕತ್ತಲಿಗೇ ಹೋಗುತ್ತದೆ. “ಹಾಡು ಕಮ್ಮಿ ಮಾಡಿದ್ರೂ ಎಳೆದ ಹಾಗಿತ್ತು” ಅನ್ನುವುದು ಬರೀ ಅನಿಸಿಕೆಯಲ್ಲ, ಗಡಿಯಾರ ಹಿಡಿದರೂ ಅದೇ ಸಿಗುತ್ತದೆ.

ಹಾಗಂತ ಎಲ್ಲ ಹಾಡನ್ನೂ ಉಳಿಸಲು ಆಗುವುದಿಲ್ಲ. ಹಿಂದಿನವರು ಇಡೀ ರಾತ್ರಿ ಆಡುತ್ತಿದ್ದರು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಮರಾಠಿಯಲ್ಲಿ ರಂಗಕ್ಕೆ ತಂದ ‘ಶಾಕುಂತಲ’ದಲ್ಲಿ ಸುಮಾರು 200 ಹಾಡುಗಳಿದ್ದವು. ನಮ್ಮ ಕಂಪನಿಗಳೂ ಆ ಕಾಲದ ಗಾಳಿಯಲ್ಲೇ ಬೆಳೆದವು. ಇವತ್ತು ಕೈಯಲ್ಲಿರುವುದು ಎರಡೂವರೆ ಗಂಟೆ. ವಿರಾಮ ಕಳೆದರೆ 140 ನಿಮಿಷ. ಅದರಲ್ಲಿ ಮೂರನೇ ಒಂದು ಪಾಲು ಹಾಡಿಗೆ ಬಿಟ್ಟರೆ, ಮೂರು ನಿಮಿಷಕ್ಕೊಂದರಂತೆ ಹದಿನೈದು ಹದಿನಾರು ಹಾಡು ಹಿಡಿಸುತ್ತದೆ. ಯಾವುದು ಉಳಿಯಬೇಕು ಎಂದು ಓದುವ ಮೇಜಿನ ಮುಂದೆ ಕೂತು ತೀರ್ಮಾನಿಸಬಾರದು. ಪರದೆ ಎಳೆಯುವವರನ್ನೂ ವೇಷಭೂಷಣದವರನ್ನೂ ಜೊತೆಗೆ ಕೂರಿಸಿಕೊಂಡು, ಪ್ರತಿ ಹಾಡಿನ ಎದುರು ಆ ಹೊತ್ತಿನಲ್ಲಿ ಹಿಂದೆ ಏನು ನಡೆಯುತ್ತದೆ ಎಂದು ಬರೆದುಕೊಳ್ಳಬೇಕು. ಹಿಂದೆ ಏನೂ ನಡೆಯದೆ, ಮುಂದೆಯೂ ಕಥೆ ಅಥವಾ ಭಾವ ಸರಿಯದೆ ನಿಂತ ಹಾಡಿದ್ದರೆ ಅದು ಮೊದಲು ಹೋಗಲಿ. ಮಿಕ್ಕದ್ದರಲ್ಲಿ ಪಲ್ಲವಿ ಮತ್ತು ಒಂದು ಚರಣ ಇಟ್ಟುಕೊಳ್ಳುವುದು ರೂಢಿ. ಆದರೆ ಯಾವ ಚರಣ? ಮೊದಲನೆಯದನ್ನೇ ಇಟ್ಟುಕೊಂಡು ಕಡೆಯದನ್ನು ಬಿಡುವುದು ಎಲ್ಲರ ಚಾಳಿ. ಎಷ್ಟೋ ಹಾಡಿನಲ್ಲಿ ಪಾತ್ರದ ಮನಸ್ಸು ತಿರುಗುವುದೇ ಕಡೆಯ ಚರಣದಲ್ಲಿ. ಅದು ಬಿದ್ದುಹೋದರೆ ಹಾಡು ಶುರುವಾದ ಮನಸ್ಸಿನಲ್ಲೇ ಮುಗಿಯುತ್ತದೆ. “ಅರ್ಧಂಬರ್ಧ” ಅನ್ನುವ ದೂರು ಬರುವುದು ಅಲ್ಲಿಂದ.

ಇನ್ನು ಶ್ರುತಿ, ಅಂದರೆ ಹಾಡಿಗೆ ಆಧಾರವಾಗಿ ಹಿಡಿಯುವ ‘ಸ’ ಸ್ವರದ ಎತ್ತರ. ಮೈಕ್ ಇಲ್ಲದ ಕಾಲದ ನಟರು ಎತ್ತರದ ಶ್ರುತಿಯಲ್ಲೇ ಹಾಡುತ್ತಿದ್ದರು, ಏಕೆಂದರೆ ತಗ್ಗಿನ ದನಿ ಕೊನೆಯ ಬೆಂಚಿಗೆ ಮುಟ್ಟುತ್ತಿರಲಿಲ್ಲ. ಈಗಿನ ನಟ ಒಂದು ಅಥವಾ ಒಂದೂವರೆ ಮನೆಗೆ ಹಾಡುತ್ತಾನೆ, ನಟಿ ಐದು ಮನೆ ಸುತ್ತಮುತ್ತ (ಮನೆ ಎಂದರೆ ಹಾರ್ಮೋನಿಯಂನಲ್ಲಿ ಶ್ರುತಿ ಹಿಡಿಯುವ ಕೀಲಿ; ಎಣಿಕೆ ಏರಿದಷ್ಟೂ ಶ್ರುತಿ ಎತ್ತರ). ಒಬ್ಬೊಬ್ಬರೇ ಹಾಡುವಾಗ ತೊಂದರೆಯಿಲ್ಲ. ಸದಾರಮೆ ಮತ್ತು ರಾಜಕುಮಾರ ಸೇರಿ ಹಾಡುವ ಯುಗಳದಲ್ಲಿ ಪೇಚು ಶುರು. ಇಬ್ಬರಿಗೂ ನಡುವೆ ಇರಲಿ ಎಂದು ನಾಲ್ಕು ಮನೆ ಹಿಡಿದರೆ, ಹಾಡು ಕೆಳಗಿನ ಸ್ಥಾಯಿಯ ‘ಪ’, ಅಂದರೆ ಮಂದ್ರ ಪಂಚಮದಿಂದ ಮೇಲಿನ ಸ್ಥಾಯಿಯ ‘ಗ’, ಅಂದರೆ ತಾರ ಗಾಂಧಾರದವರೆಗೆ ಹರಡಿದ್ದಾಗ ಅವಳಿಗೆ ಕೆಳಗೆ ದನಿ ಇಂಗುತ್ತದೆ, ಅವನಿಗೆ ಮೇಲೆ ಕಂಠ ಬಿರಿಯುತ್ತದೆ. ಒಂದು ಸ್ಥಾಯಿಯೊಳಗೆ, ಅಂದರೆ ‘ಸ’ದಿಂದ ಮೇಲಿನ ‘ಸ’ದವರೆಗೆ, ಓಡಾಡುವ ಧಾಟಿಯಾದರೆ ಮಾತ್ರ ನಾಲ್ಕು ಮನೆ ಹೊಂದುತ್ತದೆ. ಇಲ್ಲದಿದ್ದರೆ ಸಾಲು ಹಂಚಿಕೊಡಬೇಕು: ಮೇಲಿನ ಸಂಚಾರ ಅವಳಿಗೆ, ಕೆಳಗಿನದು ಅವನಿಗೆ, ಪಲ್ಲವಿಯಲ್ಲಷ್ಟೇ ಇಬ್ಬರೂ. ಇದನ್ನು ತಾಲೀಮಿನ ಮೊದಲ ವಾರವೇ ಮಾಡದೆ ಕಡೆಯ ದಿನ ಹಾರ್ಮೋನಿಯಂ ನುಡಿಸುವವರನ್ನು “ಮೇಷ್ಟ್ರೇ, ಅರ್ಧ ಮನೆ ಇಳಿಸಿ” ಎಂದು ಕೇಳಿದರೆ ನಟಿ ಮೇಲಕ್ಕೆ ಹೋಗದೆ ಉಳಿಯುತ್ತಾಳೆ. ಪ್ರೇಕ್ಷಕ ಅದನ್ನೇ ಹೇಳಿದ್ದು.

ಶ್ರುತಿ ಬದಲಾದರೆ ತಬಲವೂ ಬದಲಾಗಬೇಕು ಎಂಬುದನ್ನು ಮರೆಯುವವರು ಬಹಳ. ಒಂದು ಮನೆಗೆ ಶ್ರುತಿ ಮಾಡಿದ ತಬಲವನ್ನು ಐದು ಮನೆಯ ಹಾಡಿಗೆ ಮಧ್ಯಮ (‘ಮ’) ಸ್ವರವಾಗಿ ನುಡಿಸಬಹುದು, ಲೆಕ್ಕ ಸರಿಹೋಗುತ್ತದೆ. ಆದರೆ ಆ ಹಾಡು ಶುದ್ಧ ಮಧ್ಯಮವೇ ಇಲ್ಲದ ಮೋಹನ ರಾಗದಲ್ಲೋ ಕಲ್ಯಾಣಿಯಲ್ಲೋ ಇದ್ದರೆ ಪ್ರತಿ ಘಾತವೂ ರಾಗಕ್ಕೆ ಹೊರಗಿನ ಸ್ವರ ಬಡಿದ ಹಾಗೆ ಕೇಳುತ್ತದೆ. ಎರಡು ತಬಲ ಸಿದ್ಧವಿಟ್ಟುಕೊಳ್ಳುವುದೇ ಲೇಸು. ಕೀಬೋರ್ಡ್ ಇಟ್ಟುಕೊಂಡ ತಂಡಗಳಿಗೆ ಬೇರೆ ಅಪಾಯ: ಗುಂಡಿ ಒತ್ತಿ ಶ್ರುತಿ ಏರಿಸಿದವರು ಮುಂದಿನ ಹಾಡಿಗೆ ಅದನ್ನು ಸೊನ್ನೆಗೆ ತರುವುದನ್ನು ಮರೆಯುತ್ತಾರೆ. ಹಾಡಿನ ಪಟ್ಟಿಯಲ್ಲಿ ಪ್ರತಿ ಹಾಡಿನ ಎದುರು ಶ್ರುತಿಯನ್ನು ದಪ್ಪಕ್ಷರದಲ್ಲಿ ಬರೆದು ವಾದ್ಯದ ಮೇಲೇ ಅಂಟಿಸಿದರೆ ಈ ತಪ್ಪು ತಪ್ಪುತ್ತದೆ.

ಇದೆಲ್ಲಕ್ಕಿಂತ ದೊಡ್ಡ ವಿಷಯ, ಹಾಡು ರೆಕಾರ್ಡಿನದೋ ಎದುರೇ ನುಡಿಸಿದ್ದೋ ಎಂಬುದು. ಖರ್ಚು ಉಳಿಸಲು ಟ್ರ್ಯಾಕ್ ಹಾಕುವ ತಂಡಗಳ ಕಷ್ಟ ಅರ್ಥವಾಗುತ್ತದೆ. ನಾಲ್ಕು ವಾದ್ಯದವರ ಸಂಭಾವನೆ, ಪ್ರಯಾಣ, ಊಟ ಸೇರಿದರೆ ಸಣ್ಣ ತಂಡಕ್ಕೆ ಹೊರೆಯೇ. ಆದರೂ ಕಂಪನಿ ನಾಟಕಕ್ಕೆ ಟ್ರ್ಯಾಕ್ ಹೊಂದುವುದಿಲ್ಲ ಎಂದೇ ಹೇಳುತ್ತೇನೆ. ಮಾತಿನಿಂದ ಹಾಡಿಗೆ ದಾಟುವ ಆ ಒಂದು ಕ್ಷಣವನ್ನು ಹತ್ತಿರದಿಂದ ನೋಡಿ. ನಟಿ ಕಡೆಯ ಎರಡು ವಾಕ್ಯ ಆಡುತ್ತಿದ್ದಾಳೆ. ಹಾರ್ಮೋನಿಯಂ ಮೇಷ್ಟ್ರು ಕಾಲಲ್ಲಿ ಗಾಳಿ ತುಂಬಿಕೊಂಡು, ಅವಳ ಮಾತು ಮುಗಿಯುವ ಮೊದಲೇ ಷಡ್ಜ ಪಂಚಮವನ್ನು (‘ಸ’, ‘ಪ’) ತೀರಾ ಮೆಲ್ಲಗೆ ಹಿಡಿಯುತ್ತಾರೆ. ಅವಳ ಕಡೆಯ ಮಾತು ತಾನಾಗಿ ಆ ಸ್ವರಕ್ಕೆ ವಾಲುತ್ತದೆ. ಒಂದು ಉಸಿರು. ಮೇಷ್ಟ್ರ ಕಣ್ಣು ಅವಳ ಎದೆಯ ಏರಿಳಿತದ ಮೇಲಿರುತ್ತದೆ. ಅವಳು ಉಸಿರೆಳೆದದ್ದು ಕಂಡೊಡನೆ ಬಲಗೈ ಪಲ್ಲವಿಯ ಮೊದಲ ಸ್ವರಕ್ಕೆ ಇಳಿಯುತ್ತದೆ, ತಬಲ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಸೇರಿಕೊಳ್ಳುತ್ತದೆ. ಕಾಲು ಹಾರ್ಮೋನಿಯಂ ಬೇಕಾಗುವುದು ಇದಕ್ಕೇ: ತಿದಿಯ ಕೆಲಸ ಕಾಲಿಗೆ ಹೋದ್ದರಿಂದ ಎರಡು ಕೈಯೂ ಬಿಡುವಾಗಿ, ಒಂದರಲ್ಲಿ ಶ್ರುತಿ ಹಿಡಿದು ಇನ್ನೊಂದರಲ್ಲಿ ಹಾಡು ಎತ್ತಬಹುದು. ಟ್ರ್ಯಾಕಿಗೆ ಉಸಿರು ಕಾಣುವುದಿಲ್ಲ. ಸಭೆ ನಕ್ಕು ಮಾತು ಮೂರು ಸೆಕೆಂಡ್ ತಡವಾದರೆ ಹಾಡು ಮಾತಿನ ಮೇಲೆ ಬಂದು ಬೀಳುತ್ತದೆ.

ಮತ್ತೆ ‘ಒನ್ಸ್ ಮೋರ್’. ಅದಿಲ್ಲದ ಕಂಪನಿ ನಾಟಕ ನನ್ನ ಮಟ್ಟಿಗೆ ಪ್ರದರ್ಶನವೇ ಅಲ್ಲ. ಸಭೆ ಕೂಗಿದಾಗ ನಟಿ ಮೇಷ್ಟ್ರ ಕಡೆ ನೋಡುತ್ತಾಳೆ, ಅವರು ತಲೆಯಾಡಿಸಿದರೆ ಪಲ್ಲವಿಯಿಂದ ಮತ್ತೆ ಎತ್ತುಗಡೆ. ಚರಣದಿಂದ ಎತ್ತಿದರೆ ತಾಳಕ್ಕೆ ನೆಲ ಸಿಗದೆ ಇಬ್ಬರೂ ತಾಳದ ಎರಡು ಸುತ್ತು ತಡಕಾಡುತ್ತಾರೆ. ಎದುರು ಪಾತ್ರ ತಾನಿದ್ದ ಜಾಗಕ್ಕೆ ಸದ್ದಿಲ್ಲದೆ ಮರಳಬೇಕು, ಹಾಡು ಮುಗಿದ ಮೇಲಿನ ಮೊದಲ ಮಾತನ್ನು ಕೊಂಚ ಗಟ್ಟಿಯಾಗಿ ಎತ್ತಬೇಕು. ಒಂದು ಆಟಕ್ಕೆ ಎರಡು ಒನ್ಸ್ ಮೋರ್‌ಗೆ ಎಂದು ಹತ್ತು ನಿಮಿಷ ಮೊದಲೇ ತೆಗೆದಿಟ್ಟುಕೊಂಡ ತಂಡ ಕಡೆಯ ದೃಶ್ಯವನ್ನು ಓಡಿಸುವುದಿಲ್ಲ.

ಮೈಕಿನ ವಿಚಾರ ಬೇಗ ಹೇಳಿಬಿಡುತ್ತೇನೆ. ಕಾಲರ್ ಮೈಕನ್ನು ಎದೆಗೆ ಸಿಕ್ಕಿಸಿದರೆ ಹಾರದ ಮಣಿ ಉಜ್ಜಿ ಕರಕರ ಅನ್ನುತ್ತದೆ. ಹಣೆಯ ಮೇಲೆ, ಕೂದಲ ಅಂಚಿನಲ್ಲಿ ಅಥವಾ ಕಿರೀಟದ ಪಟ್ಟಿಯಡಿ ಇಟ್ಟರೆ ಬಾಯಿಗೂ ಹತ್ತಿರ, ಒಡವೆಗೂ ದೂರ. ತೂಗು ಮೈಕಾದರೆ ಬಾಯಿಯಿಂದ ದೂರ ಎರಡು ಪಟ್ಟಾದಾಗ ದನಿ ಆರು ಡೆಸಿಬಲ್ ಇಳಿಯುತ್ತದೆ. ಹಾಗಾಗಿ ಹಾಡುವವರು ಅದರ ಕೆಳಗೇ ಬರಬೇಕು, ಇಲ್ಲವಾದರೆ ಧ್ವನಿಯವರು ಏರಿಸಿ ಏರಿಸಿ, ಸ್ಪೀಕರಿನ ದನಿ ಮೈಕಿಗೇ ಮರಳಿ, ಕಡೆಗೆ ಕೂಗು ಹತ್ತುತ್ತದೆ. ಸ್ಪೀಕರ್ ಯಾವತ್ತೂ ಮೈಕಿಗಿಂತ ಸಭೆಯ ಕಡೆಗೆ ಮುಂದಿರಲಿ.

“ಹಳೇ ಧಾಟಿ ಹೀಗಿರಲಿಲ್ಲ” ಅನ್ನುವವರ ವಿಷಯದಲ್ಲಿ ಮಾತ್ರ ನಾನು ಪೂರ್ತಿ ಪ್ರೇಕ್ಷಕರ ಪಕ್ಷ ಅಲ್ಲ. ಬಹಳ ಮಂದಿಗೆ ಹಳೇ ಧಾಟಿ ಎಂದರೆ ಗ್ರಾಮಫೋನ್ ತಟ್ಟೆಯಲ್ಲಿ ಕೇಳಿದ್ದು. ಹತ್ತು ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು, ಮೂರೂಕಾಲು ನಿಮಿಷ. ಅಷ್ಟರಲ್ಲಿ ಮುಗಿಸಲು ಆಲಾಪ ಬಿಟ್ಟು, ಲಯ ಏರಿಸಿ ಹಾಡಿದ ರೂಪ ಅದು, ರಂಗದ ಮೇಲಿನದಲ್ಲ. ವೇಗವೂ ಎಲ್ಲ ತಟ್ಟೆಗೆ ಒಂದೇ ಆಗಿರಲಿಲ್ಲ. ನಿಮಿಷಕ್ಕೆ 78 ಸುತ್ತಿನಲ್ಲಿ ಮುದ್ರಿಸಿದ್ದನ್ನು 80ರಲ್ಲಿ ಓಡಿಸಿದರೆ ಶ್ರುತಿ ಹತ್ತಿರ ಹತ್ತಿರ ಅರ್ಧ ಸ್ವರಸ್ಥಾನ (ಹಾರ್ಮೋನಿಯಂನ ಒಂದು ಕೀಲಿಗೂ ಪಕ್ಕದ ಕೀಲಿಗೂ ಇರುವ ಅಂತರದ ಅರ್ಧ) ಏರುತ್ತದೆ. ಆದ್ದರಿಂದ ಹಳೆಯ ಧ್ವನಿಮುದ್ರಣದಿಂದ ರಾಗ, ಗಮಕ, ಉಚ್ಚಾರಣೆ ಕಲಿಯಬೇಕು. ಶ್ರುತಿ ಮತ್ತು ಕಾಲಪ್ರಮಾಣವನ್ನು ಈಗಿನ ನಟರ ಕಂಠ ನೋಡಿ ಹೊಸದಾಗಿ ಗೊತ್ತುಮಾಡಿಕೊಳ್ಳಬೇಕು.

ಕಳ್ಳನ ಬಗ್ಗೆ ಒಂದು ಮಾತು. ವೀರಣ್ಣನವರನ್ನು ಅನುಕರಿಸಲು ಹೋದವರು ಸೋಲುತ್ತಾರೆ, ಏಕೆಂದರೆ ಆ ಪಾತ್ರದ ಅರ್ಧ ಮಾತು ಅಂದಂದಿನ ಸಭೆ ನೋಡಿ ಹುಟ್ಟಬೇಕಾದದ್ದು. ಬಾಯಿಪಾಠ ಮಾಡಿದ ನಗೆಮಾತು ಎರಡನೇ ಊರಿನಲ್ಲೇ ಹಳಸುತ್ತದೆ. ಕಳ್ಳನಿಗೆ ಕೊಡಬೇಕಾದ್ದು ಎರಡು ಸ್ವಾತಂತ್ರ್ಯ: ಆ ಊರಿನ ಸಂತೆ, ಬಸ್ಸು, ಬೀದಿಯ ಹೆಸರು ಸೇರಿಸಿಕೊಳ್ಳಲು ಮೂರು ನಿಮಿಷದ ಸಡಿಲಿಕೆ, ಮತ್ತು ಸದಾರಮೆ ತನ್ನನ್ನು ಏಮಾರಿಸುವಾಗ ಅದನ್ನು ನಿಜವಾಗಿ ನಂಬುವ ಬಿಡುವು. ಎರಡನೆಯದೇ ಕಷ್ಟ. ಮೊದಲೇ ಮೋಸ ಗೊತ್ತಿರುವವನಂತೆ ಕಣ್ಣು ಮಿಟುಕಿಸಿದ ಕಳ್ಳನನ್ನು ಕಂಡು ಸಭೆ ನಗುತ್ತದೆ, ಆದರೆ ಸದಾರಮೆಯ ಜಾಣ್ಮೆ ಅಲ್ಲಿಗೆ ಪುಕ್ಕಟೆಯಾಗುತ್ತದೆ.

ಕಡೆಗೆ ಮಂಗಳ. ಎಲ್ಲ ಪಾತ್ರಗಳೂ ವೇಷದಲ್ಲೇ ಸಾಲಾಗಿ ನಿಂತು ಹಾಡುವಾಗ ದೀಪದವರು, ಹಗ್ಗದವರು ಕೆಲಸ ಮುಗಿಯಿತೆಂದು ಸಡಿಲಾಗುತ್ತಾರೆ. ಪರದೆ ಧಡಕ್ಕೆಂದು ಬೀಳುವುದು ಆಗಲೇ. ಹಗ್ಗ ಹಿಡಿದವರು ಮೇಷ್ಟ್ರ ಬಲಗೈ ನೋಡುತ್ತಾ, ಮಂಗಳದ ಕಡೆಯ ಸಾಲು ಎರಡನೇ ಸಲ ಬಂದಾಗ ಬಿಡಲು ಶುರುಮಾಡಿ, ಎಂಟು ಎಣಿಸುವಷ್ಟರಲ್ಲಿ ನೆಲ ಮುಟ್ಟಿಸಬೇಕು. ಪರದೆಯ ಕೆಳಗಿನ ಬಿದಿರು ಹಲಗೆಗೆ ತಾಗಿದ ಸದ್ದು ಕೇಳುವವರೆಗೂ ಮೇಷ್ಟ್ರು ಕಾಲು ಎತ್ತುವಂತಿಲ್ಲ.